ಅಕ್ಕ, ನನಗೆ ಕೈ ಬಿಡಿಸೋಕೆ ಬರಲ್ಲ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ ನನ್ನ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. 19 ವರ್ಷವಾಯಿತು. ಅಂಗಡಿ ಮುಂದೆ ಒಂದು ಮರದ ಬೆಂಚು. ಪ್ರಿಂಟ್‌ಗೆ ಕಾಯುವವರು, ಕರೆಂಟ್‌ಗೆ ಕಾಯುವವರು, ಯಾವುದಕ್ಕೂ ಕಾಯದೆ ಸುಮ್ನೆ ಕೂರುವವರು, ಎಲ್ಲರೂ ಅದರ ಮೇಲೇ. ಅವರ ಮಾತು ಕೇಳಿ ಕೇಳಿ ಆರು ವರ್ಷದ ಹಿಂದೆ ‘ಬೆಂಚು’ ಅಂತ ಒಂದು ನಗೆಚಿತ್ರ ಶುರು ಮಾಡಿದೆ. ವಾರಕ್ಕೊಂದು, ನಾಲ್ಕು ಚೌಕ, ಫೋನಿನಲ್ಲಿ ಓದುವಂಥದ್ದು. ಇದಕ್ಕೆ ವೆಬ್‌ಕಾಮಿಕ್ ಅನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ.

ಇದರ ಬಗ್ಗೆ ಪ್ರಶ್ನೆ ಕಳಿಸಿ ಅಂತ ಸಂಪಾದಕರು ಓದುಗರನ್ನು ಕೇಳಿದ್ದರು. ಬಂದ ಪತ್ರಗಳಲ್ಲಿ ಅರ್ಧ ಮದುವೆ ಕಾರ್ಡಿನ ರೇಟ್ ಕೇಳಿದ್ದವು. ಅವನ್ನು ಅಂಗಡಿಗೆ ತಗೊಂಡು ಹೋದೆ. ಉಳಿದವು ಇಲ್ಲಿವೆ.

ಪ್ರಶ್ನೆ: ಅಕ್ಕ, ನನ್ನ ತಲೆಯಲ್ಲಿ ಜೋಕು ಬೇಕಾದಷ್ಟಿವೆ. ಆದರೆ ಚಿತ್ರ ಬರಲ್ಲ. ಮುಖ ಹೇಗೋ ಆಗುತ್ತೆ, ಕೈ ಬಿಡಿಸೋಕೆ ಹೋದರೆ ಬೆಂಡೆಕಾಯಿ ಕಟ್ಟಿಟ್ಟ ಹಾಗೆ ಕಾಣುತ್ತೆ. ಮೊದಲು ಡ್ರಾಯಿಂಗ್ ಕ್ಲಾಸಿಗೆ ಸೇರಲಾ?
ಬಿ.ಕಾಂ. ವಿದ್ಯಾರ್ಥಿನಿ, ಹರಿಹರ

ತಂಗಿ, ನನ್ನ ಮೊದಲ ನಲವತ್ತು ಚಿತ್ರ ತೆಗೆದು ನೋಡು. ಒಬ್ಬರಿಗೂ ಕೈ ಇಲ್ಲ. ಒಬ್ಬರು ಕೈ ಹಿಂದೆ ಕಟ್ಟಿದ್ದಾರೆ, ಇನ್ನೊಬ್ಬರು ಶಾಲು ಹೊದ್ದಿದ್ದಾರೆ, ಹುಡುಗ ಜೇಬಲ್ಲಿ ಕೈ ಇಟ್ಟಿದ್ದಾನೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಶಾಲು ಹೊದ್ದವರನ್ನು ನೋಡಿ ಒಬ್ಬ ಓದುಗರು ‘ಅವರಿಗೆ ಜ್ವರಾನಾ?’ ಅಂತ ಕೇಳಿದ್ದರು. ಅದೇ ಮುಂದಿನ ವಾರದ ಜೋಕ್ ಆಯ್ತು.

ಎಕ್ಸ್‌ಕೆಸಿಡಿ ಅಂತ ಅಮೆರಿಕದ್ದೊಂದು ವೆಬ್‌ಕಾಮಿಕ್ ಇದೆ. 2005ರಿಂದ ಬರುತ್ತಿದೆ. ಬರೆಯುವ ರಾಂಡಲ್ ಮನ್ರೋ ಫಿಸಿಕ್ಸ್ ಓದಿದವರು. ಅದರಲ್ಲಿ ಇರುವವರೆಲ್ಲ ಕಡ್ಡಿ ಮನುಷ್ಯರು. ತಲೆಗೊಂದು ಸೊನ್ನೆ, ಮೈಗೊಂದು ಗೆರೆ. ಕಣ್ಣು ಮೂಗು ಕೂಡ ಇಲ್ಲ. ಕೆನಡಾದ ರಯಾನ್ ನಾರ್ತ್ ಅವರದು ಇನ್ನೂ ಜಾಣತನ. 2003ರಲ್ಲಿ ಶುರುವಾದ ಅವರ ಡೈನೋಸಾರ್ ಕಾಮಿಕ್ಸ್‌ನಲ್ಲಿ ಆರು ಚೌಕ. ಪ್ರತಿ ಸಲವೂ ಅವೇ ಚಿತ್ರ, ಮಾತು ಮಾತ್ರ ಬೇರೆ. ಇದನ್ನು ನೋಡಿದ ಮೇಲೆ ನನಗೂ ಧೈರ್ಯ ಬಂತು. ನನ್ನ ಬೆಂಚನ್ನು ನಾನು ಒಂದೇ ಸಲ ಬಿಡಿಸಿದ್ದು. ಆರು ವರ್ಷದಿಂದ ಅದೇ ಬೆಂಚು, ಅದೇ ಮುರಿದ ಹಲಗೆ, ಕಾಪಿ ಪೇಸ್ಟ್. ನಿಜವಾದ ಬೆಂಚಿನ ಹಲಗೆ ಆಗಲೇ ರಿಪೇರಿ ಆಗಿದೆ.

ಕ್ಲಾಸಿಗೆ ಸೇರಬೇಡ ಅನ್ನಲ್ಲ. ನಮ್ಮೂರಲ್ಲಿ ದೃಶ್ಯಕಲಾ ಕಾಲೇಜೇ ಇದೆ. ಅಲ್ಲಿನ ಹುಡುಗರು ಪ್ರಿಂಟ್‌ಗೆ ಬಂದಾಗ ಒಬ್ಬನನ್ನು ಹಿಡಿದು ಕೂರಿಸಿ ಕೇಳಿದ್ದೆ. ‘ಅಕ್ಕ, ಹೆಬ್ಬೆರಳು ಒಂದು ಬೇರೆ ಬರೀರಿ. ಉಳಿದ ನಾಲ್ಕನ್ನೂ ಸೇರಿಸಿ ಒಂದೇ ಆಕಾರ ಮಾಡಿ. ಆಮೇಲೆ ಬೇಕಾದ್ರೆ ಮಧ್ಯ ಗೆರೆ ಎಳೀರಿ’ ಅಂದ. ಐದು ನಿಮಿಷದ ಪಾಠ. ಈಗ ಶಾಲು ತೆಗೆಸಿದ್ದೇನೆ. ನೀನು ಕ್ಲಾಸಿಗೆ ಸೇರಿದರೂ ಸರಿ, ಕಾಮಿಕ್ ಮಾತ್ರ ಈ ವಾರವೇ ಶುರು ಮಾಡು.

ಪ್ರಶ್ನೆ: ಚಿತ್ರದ ಒಳಗೆ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಹೋಗುತ್ತದೆ. ‘ಅಜ್ಜಿ’ ಅಂತ ಹೊಡೆದರೆ ‘ಅಜ್‌ಜಿ’ ಅಂತ ಬರುತ್ತದೆ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಮಾಡಿದರೆ ಸರಿ ಇರುತ್ತದೆ, ಅದನ್ನೇ ಫೋನಿಗೆ ಕಳಿಸಿದರೆ ಗೀಚುಗೀಚು. ಏನು ಪರಿಹಾರ?
ಹೈಸ್ಕೂಲ್ ಮೇಷ್ಟ್ರು, ಹಿರಿಯೂರು

ಮೇಷ್ಟ್ರೇ, ಬಂದ ಪತ್ರಗಳಲ್ಲಿ ನನ್ನ ಕಸುಬಿನ ಪ್ರಶ್ನೆ ಕೇಳಿದವರು ನೀವೊಬ್ಬರೇ. ಸ್ವಲ್ಪ ಉದ್ದ ಆಗುತ್ತೆ, ತಡ್ಕೊಳ್ಳಿ.

ಈಗಿನ ಫೋನು, ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿ ಯೂನಿಕೋಡ್. ಅದರಲ್ಲಿ ಒತ್ತಕ್ಷರಕ್ಕೆ ಅಂತ ಬೇರೆ ಸಂಕೇತ ಇಲ್ಲ. ಒಂದು ಜ, ಅದರ ಪಕ್ಕ ಅರ್ಧಾಕ್ಷರದ ಗುರುತು, ಮತ್ತೊಂದು ಜ. ಈ ಮೂರನ್ನೂ ನೋಡಿ ‘ಜ್ಜ’ ಮಾಡಬೇಕಾದ್ದು ಸಾಫ್ಟ್‌ವೇರಿನ ಕೆಲಸ. ಅದಕ್ಕೆ ಆ ಬುದ್ಧಿ ಇಲ್ಲದಿದ್ದರೆ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲಿಸಿ ಕೈ ತೊಳೆದುಕೊಳ್ಳುತ್ತದೆ. ನುಡಿಯ ಹಳೇ ಫಾಂಟುಗಳು ಬೇರೆ ಉಪಾಯ ಮಾಡಿದ್ದವು. ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಅದಕ್ಕೇ ಯಾವ ಹಳೇ ಸಾಫ್ಟ್‌ವೇರಲ್ಲೂ ಒತ್ತು ಸರಿಯಾಗಿ ಬೀಳುತ್ತಿತ್ತು. ಆ ಫಾಂಟ್ ಇಲ್ಲದ ಫೋನಿಗೆ ಹೋದ ತಕ್ಷಣ ವೇಷ ಕಳಚಿ ಇಂಗ್ಲಿಷ್ ಗೀಚು ಹೊರಗೆ ಬರುತ್ತದೆ.

ಸ್ವಲ್ಪ ಹಳೇ ಫೋಟೋಶಾಪ್ ಇದ್ದರೆ ಅದರ ಟೈಪ್ ಸೆಟ್ಟಿಂಗ್‌ಗೆ ಹೋಗಿ ‘ವರ್ಲ್ಡ್ ರೆಡಿ’ ಅನ್ನುವ ಲೇಔಟ್ ಆರಿಸಿ. ಒತ್ತು ಕೂಡಿಕೊಳ್ಳುತ್ತದೆ. ದುಡ್ಡು ಹಾಕುವುದು ಬೇಡ ಅಂದರೆ ಕ್ರಿಟಾದಲ್ಲಿ ಚಿತ್ರ ಬಿಡಿಸಿ, ಇಂಕ್‌ಸ್ಕೇಪ್‌ನಲ್ಲಿ ಮಾತು ಸೇರಿಸಿ. ಎರಡೂ ಉಚಿತ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಇದೆ, ಸ್ವಲ್ಪ ದುಂಡಗೆ ತಮಾಷೆಯಾಗಿ ಬೇಕಾದರೆ ಬಾಲೂ ತಮ್ಮ ಇದೆ. ಇವೂ ಉಚಿತವೇ. ನಾನು ಬಾಲೂ ತಮ್ಮ ಬಳಸುತ್ತೇನೆ. ಅಕ್ಕನಾಗಿ ತಮ್ಮನನ್ನ ಬಿಡೋಕಾಗುತ್ತಾ?

ಹೊಸ ಫಾಂಟ್ ಸಿಕ್ಕಾಗ ‘ಸ್ತ್ರೀಶಕ್ತಿ ಸಂಘದ ಅರ್ಜಿ ಅರ್ಜೆಂಟ್’ ಅಂತ ಹೊಡೆದು ನೋಡಿ. ಮೂರಂತಸ್ತಿನ ಒತ್ತು, ಅರ್ಕಾವತ್ತು ಎಲ್ಲ ಅದರಲ್ಲೇ ಇದೆ. ಅಲ್ಲಿ ಪಾಸಾದ ಫಾಂಟ್ ಎಲ್ಲಿಯೂ ಫೇಲ್ ಆಗಲ್ಲ.

ಇನ್ನೊಂದು ಮಾತು. ಮೊದಲು ಮಾತಿನ ಗುಳ್ಳೆ ಬರೆದು ಆಮೇಲೆ ಅದರೊಳಗೆ ಕನ್ನಡ ತುರುಕಬೇಡಿ. ಮೇಲೆ ಗುಣಿತ, ಕೆಳಗೆ ಒತ್ತು, ನಮ್ಮ ಸಾಲಿಗೆ ಎತ್ತರ ಜಾಸ್ತಿ ಬೇಕು. ಮೊದಲು ಅಕ್ಷರ ಹಾಕಿ, ಸಾಲುಗಳ ಮಧ್ಯೆ ಧಾರಾಳವಾಗಿ ಜಾಗ ಬಿಡಿ, ಕೊನೆಗೆ ಸುತ್ತ ಗುಳ್ಳೆ ಎಳೆಯಿರಿ. ಇಷ್ಟೆಲ್ಲ ಬೇಡ ಅನ್ನಿಸಿದರೆ, ಮೇಷ್ಟ್ರೇ, ಬೋರ್ಡ್ ಮೇಲೆ ಬರೆದು ಪಳಗಿದ ಕೈ ನಿಮ್ಮದು. ಪೆನ್ನಲ್ಲೇ ಬರೆದುಬಿಡಿ.

ಪ್ರಶ್ನೆ: ನಿಮ್ಮ ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ, ಮಾರ್ಕೆಟ್, ಗಲಾಟೆ ಎಲ್ಲ ಇದೆ. ನಮ್ಮ ದುರ್ಗದಲ್ಲಿ ಕೋಟೆ ಇದೆ, ಗಾಳಿ ಇದೆ. ತಮಾಷೆ ಏನೂ ನಡೆಯಲ್ಲ. ಜೋಕಿಗೆ ವಿಷಯ ಎಲ್ಲಿಂದ ತರಲಿ?
ಮೊಬೈಲ್ ಅಂಗಡಿ ಹುಡುಗ, ಚಿತ್ರದುರ್ಗ

ತಮ್ಮಾ, 1997ರವರೆಗೆ ನಾವೂ ನಿಮ್ಮ ಜಿಲ್ಲೆಯವರೇ. ಪಾಲಾದ ಮೇಲೆ ಜೋಕೆಲ್ಲ ನಮ್ಮ ಕಡೆ ಬಂತು ಅನ್ನೋ ಹಾಗೆ ಮಾತಾಡಬೇಡ.

ಹೋದ ವರ್ಷ ಅಕ್ಕನ ಮಕ್ಕಳನ್ನು ಕರಕೊಂಡು ಕೋಟೆಗೆ ಬಂದಿದ್ದೆ. ಓಬವ್ವನ ಕಿಂಡಿ ಹತ್ತಿರ ಒಂದು ಶಾಲೆಯ ಮಕ್ಕಳು ನಿಂತಿದ್ದವು. ಮೇಡಂ ಕಥೆ ಹೇಳುತ್ತಿದ್ದರು. ಗಂಡ ಊಟಕ್ಕೆ ಕೂತಿದ್ದು, ಓಬವ್ವ ನೀರು ತರೋಕೆ ಹೋಗಿದ್ದು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡಿದ್ದು, ಒನಕೆ ಎತ್ತಿದ್ದು. ಮೇಡಂ ದನಿ ಏರುತ್ತಾ ಇತ್ತು, ನನಗೂ ಮೈ ಜುಮ್ ಅಂತಿತ್ತು. ಕಥೆ ಮುಗಿದ ಮೇಲೆ ಹಿಂದಿನ ಸಾಲಿಂದ ಒಂದು ಪುಟ್ಟ ಹುಡುಗಿ ಕೈ ಎತ್ತಿದಳು. ‘ಮಿಸ್, ಅಷ್ಟೊತ್ತು ಅವಳ ಗಂಡಂಗೆ ನೀರು ಯಾರು ಕೊಟ್ರು?’

ನಾನು ಅಲ್ಲೇ ಬಂಡೆ ಮೇಲೆ ಕೂತು ಟಿಕೆಟ್ ಹಿಂದೆ ಬರಕೊಂಡೆ. ನಿಮ್ಮೂರಿನ ಜೋಕು, ನನಗೆ ಸಿಕ್ತು. ನೀನು ಅಂಗಡಿಯಲ್ಲಿ ಕೂತಿದ್ದೆ.

ಜೋಕು ಹೊಳೆಯಲಿ ಅಂತ ಕಾಯುವವರನ್ನು ನಾನು ಅಷ್ಟಾಗಿ ನಂಬಲ್ಲ. ಕೇಳಿದ್ದನ್ನು ಬರೆದಿಡುವುದೇ ಮುಕ್ಕಾಲು ಕೆಲಸ. ಹಾಳಾದ ಜೆರಾಕ್ಸ್ ಹಾಳೆಗಳ ಹಿಂಬದಿ ನನ್ನ ನೋಟ್‌ಬುಕ್. ಒಂದು ಸಲ ಹುಡುಗನೊಬ್ಬ ರೆಸ್ಯೂಮ್ ಮಾಡಿಸೋಕೆ ಬಂದಿದ್ದ. ‘ಅಕ್ಕ, ಹವ್ಯಾಸ ಅಂತ ಇದ್ಯಲ್ಲ, ಅಲ್ಲಿ ಏನ್ ಹಾಕ್ಲಿ?’ ಅಂದ. ‘ದಿನಾ ಏನ್ ಮಾಡ್ತೀಯೋ ಅದು’ ಅಂದೆ. ಅವನು ತಲೆ ಎತ್ತಿ ಫ್ಯಾನ್ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, ‘ಪುಸ್ತಕ ಓದುವುದು ಅಂತ ಹಾಕಿ.’

ಇದನ್ನು ಮೊದಲು ಮೂರು ಚೌಕದಲ್ಲಿ ಬರೆದಿದ್ದೆ. ಯಾರೂ ನಗಲಿಲ್ಲ. ಫ್ಯಾನ್ ನೋಡುವುದಕ್ಕೇ ಒಂದು ಚೌಕ ಬಿಟ್ಟುಕೊಟ್ಟೆ, ಮಾತೇ ಇಲ್ಲದ್ದು. ಆಗ ನಕ್ಕರು. ನಿನ್ನ ಜೋಕು ಸಪ್ಪೆ ಅನ್ನಿಸಿದರೆ ಮಾತು ಸೇರಿಸಬೇಡ. ಕೊನೆ ಮಾತಿಗೆ ಮುಂಚೆ ಒಂದು ಚೌಕ ಸುಮ್ಮನಿರು.

ಭಾಷೆ ವಿಷಯ ನೀನು ಕೇಳಿಲ್ಲ, ಆದರೂ ಹೇಳ್ತೀನಿ. ನೀನು ಜೊತೆಗೆ ಕಳಿಸಿದ ಚಿತ್ರದಲ್ಲಿ ಇಬ್ಬರು ಸ್ನೇಹಿತರು ‘ನೀನು ಎಲ್ಲಿಗೆ ಹೋಗುತ್ತಿದ್ದೀಯ ಗೆಳೆಯಾ’ ಅಂತ ಮಾತಾಡುತ್ತಾರೆ. ದುರ್ಗದಲ್ಲಿ ಯಾರು ಹಾಗೆ ಕೇಳುತ್ತಾರೆ? ‘ಎಲ್ಲಿಗಲೇ?’ ಅಷ್ಟೇ ಅಲ್ವಾ. ಆ ಒಂದು ‘ಲೇ’ ಒಳಗೆ ಹತ್ತು ವರ್ಷದ ಸ್ನೇಹ ಇರುತ್ತೆ. ಗುಳ್ಳೆಯಲ್ಲಿ ಜಾಗವೂ ಉಳಿಯುತ್ತೆ.

ಪ್ರಶ್ನೆ: ಎಲ್ಲಿ ಹಾಕಬೇಕು, ಯಾವ ಸೈಜಿಗೆ ಮಾಡಬೇಕು, ವಾರಕ್ಕೆ ಎಷ್ಟು?
ಗೃಹಿಣಿ, ಚನ್ನಗಿರಿ

ನಾನು 1080 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರದ ಚಿತ್ರ ಮಾಡುತ್ತೇನೆ. ಫೋನಿನ ಪರದೆಯಲ್ಲಿ ಚೆನ್ನಾಗಿ ತುಂಬಿಕೊಳ್ಳುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವಾಗ ಒಂದೊಂದು ಚೌಕ ಒಂದೊಂದು ಚಿತ್ರ. ಬೆರಳಿಂದ ಸರಿಸಿದರೆ ಮುಂದಿನದು. ಕೊನೆ ಚೌಕ ಮೊದಲೇ ಕಣ್ಣಿಗೆ ಬೀಳಲ್ಲ ಅನ್ನೋದೇ ಅದರ ಲಾಭ. ವಾಟ್ಸ್ಆ್ಯಪ್‌ಗೆ ನಾಲ್ಕನ್ನೂ ಸೇರಿಸಿ ಒಂದೇ ಚಿತ್ರ, ಇಲ್ಲದಿದ್ದರೆ ಯಾರೋ ಮೂರನೇದನ್ನು ಮಾತ್ರ ಫಾರ್ವರ್ಡ್ ಮಾಡ್ತಾರೆ. ಅಲ್ಲಿ ಫೋಟೋ ಥರ ಕಳಿಸಿದರೆ ಕುಗ್ಗಿಸಿಬಿಡುತ್ತೆ, ಗೆರೆ ಮಸುಕಾಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ. ಗೆರೆ ಚಿತ್ರಕ್ಕೆ ಜೆಪಿಜಿಗಿಂತ ಪಿಎನ್‌ಜಿ ಒಳ್ಳೆಯದು. ಮುಗಿದ ಮೇಲೆ ಫೋನನ್ನು ಕೈ ಚಾಚಿ ಹಿಡಿದು ಓದಿ. ಕನ್ನಡಕ ಇಲ್ಲದ ನಿಮ್ಮ ಅತ್ತೆಗೂ ಓದಿಸಿ.

ಒಂದು ಕಡೆ ಮಾತ್ರ ಇಡಬೇಡಿ. ಮೂರು ವರ್ಷದ ಹಿಂದೆ ಒಂದು ಆ್ಯಪ್ ನನ್ನ ಖಾತೆಗೆ ಬೀಗ ಹಾಕಿತು. ಯಾಕೆ ಅಂತ ಹೇಳಲಿಲ್ಲ, ಕೇಳಿದರೆ ಮಿಷನ್ನೇ ಉತ್ತರ ಕೊಡುತ್ತಿತ್ತು. 22 ದಿನ ಬಿಟ್ಟು ಅದೇ ಥರ ಕಾರಣ ಹೇಳದೆ ಬೀಗ ತೆಗೆಯಿತು. ಮೂಲ ಚಿತ್ರಗಳು ಪೆನ್‌ಡ್ರೈವಲ್ಲಿ ಇದ್ದದ್ದಕ್ಕೆ ಆ 22 ದಿನ ರಾತ್ರಿ ನಿದ್ದೆ ಬಂತು. ಆಮೇಲೆ ಸ್ವಂತದ್ದೊಂದು ಸಣ್ಣ ತಾಣ ಮಾಡಿಸಿ ಎಲ್ಲವನ್ನೂ ತಾರೀಖಿನ ಪ್ರಕಾರ ಅಲ್ಲಿ ಜೋಡಿಸಿದೆ.

ವಾರಕ್ಕೆ ಒಂದು ಸಾಕು. ಯಾವ ದಿನ ಅನ್ನೋದು ನಿಗದಿ ಇರಲಿ. ನನ್ನದು ಶುಕ್ರವಾರ, ಯಾಕೆಂದರೆ ಶುಕ್ರವಾರ ಅಂಗಡಿ ಪೂಜೆಗೆ ಹೇಗೂ ಬೇಗ ಏಳುತ್ತೇನೆ.

ಪ್ರಶ್ನೆ: ನನ್ನ ಕಾಮಿಕ್‌ನಿಂದ ಹೆಸರು ಕತ್ತರಿಸಿ ಯಾರೋ ಫಾರ್ವರ್ಡ್ ಮಾಡಿದ್ದಾರೆ. ಕೇಸ್ ಹಾಕಬಹುದಾ?
ಓದುಗರು, ಚಳ್ಳಕೆರೆ

ನನ್ನ ಮದುವೆ ಕಾರ್ಡಿನ ಕಾಮಿಕ್ ನಿಮಗೂ ಬಂದಿರಬಹುದು. ಎರಡು ಮನೆಯವರು ಅಂಗಡಿಯಲ್ಲಿ ಕೂತು ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಯಾವ ಮಾವನ ಹೆಸರು ಮೇಲೆ ಅಂತ ಜಗಳ ಆಡುತ್ತಾರೆ. ಐದು ಸಲ ಪ್ರೂಫ್ ನೋಡುತ್ತಾರೆ. 43 ಹೆಸರು ಸರಿಯಾಗಿ ಕೂರುತ್ತವೆ, ಐನೂರು ಕಾರ್ಡು ಪ್ರಿಂಟ್ ಆಗುತ್ತವೆ. ಕೊನೆ ಚೌಕದಲ್ಲಿ ಮದುಮಗ ಕೇಳುತ್ತಾನೆ, ‘ಮದುವೆ ಯಾವತ್ತು ಅಂತ ಎಲ್ಲಿ ಹಾಕಿದೀರಿ?’

ಇದು ಊರೆಲ್ಲ ಸುತ್ತಿ ನನ್ನ ನಾದಿನಿಯ ಮಹಿಳಾ ಮಂಡಳಿ ಗ್ರೂಪಿಗೆ ಬಂತು. ಹೆಸರಿರಲಿಲ್ಲ. ಅವಳು ನನಗೇ ಕಳಿಸಿದಳು. ‘ಅತ್ತಿಗೆ, ಇದು ನೋಡಿ, ನಿಮ್ಮ ಅಂಗಡಿ ಥರಾನೇ ಇದೆ!’ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಾನೂನು ನಿಮ್ಮ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಚಿತ್ರ ಬಿಡಿಸಿದ ಕ್ಷಣದಿಂದ ಹಕ್ಕು ನಿಮ್ಮದು. ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ನೀವು ಇರುವಷ್ಟು ದಿನ, ಆಮೇಲೆ 60 ವರ್ಷ. ಇದು ನಾನು ಬರೆದದ್ದು ಅಂತ ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್‌ನಲ್ಲಿ ಪ್ರತ್ಯೇಕವಾಗಿಯೇ ಇದೆ. ಆದರೆ ಮಹಿಳಾ ಮಂಡಳಿ ಮೇಲೆ ಕೇಸ್ ಹಾಕೋಕಾಗುತ್ತಾ? ಯಾರಾದರೂ ನಿಮ್ಮ ಚಿತ್ರವನ್ನು ಟೀ ಶರ್ಟ್ ಮೇಲೆ ಹಾಕಿ ಮಾರಿದರೆ ಆಗ ವಕೀಲರನ್ನು ನೋಡಿ. ಫಾರ್ವರ್ಡ್‌ಗೆ ನಾನು ಮಾಡಿದ್ದು ಇಷ್ಟೇ. ಮೊದಲು ಸಹಿ ಮೂಲೆಯಲ್ಲಿತ್ತು, ಕತ್ತರಿಸೋದು ಸುಲಭ. ಈಗ ಬೆಂಚಿನ ಹಲಗೆ ಮೇಲೆ, ಕೆತ್ತಿದ ಹಾಗೆ ಬರೆಯುತ್ತೇನೆ. ಅದನ್ನು ಕತ್ತರಿಸಿದರೆ ಕೂತವರ ಕಾಲೂ ಹೋಗುತ್ತೆ.

ಎಕ್ಸ್‌ಕೆಸಿಡಿಯವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟಿದ್ದಾರೆ. ಹೆಸರು ಹೇಳಿ, ವ್ಯಾಪಾರ ಮಾಡದೆ ಯಾರು ಬೇಕಾದರೂ ಹಂಚಬಹುದು. ನಾನೂ ಅದನ್ನೇ ಹಾಕಿದ್ದೇನೆ. ಹೇಗೂ ಹಂಚುತ್ತಾರೆ, ಅಪ್ಪಣೆ ಕೊಟ್ಟೇ ಹಂಚಿಸೋಣ.

ಪ್ರಶ್ನೆ: ನೀವು ಬರೆಯುವ ಜನ ನಿಜವಾದವರಾ? ಅವರಿಗೆ ಗೊತ್ತಾದರೆ ಬೈಯಲ್ವಾ?
ಓದುಗರು, ಹೊನ್ನಾಳಿ

ಬೈಯುವುದು ವಾಸಿ. ಒಬ್ಬರು ಮಾತು ಬಿಟ್ಟಿದ್ದರು.

ನಮ್ಮ ಬೆಂಚಿಗೆ ದಿನಾ ಬರುವ ಹಿರಿಯರೊಬ್ಬರು. ರಿಟೈರ್ ಆಗಿ ಬಹಳ ವರ್ಷವಾಗಿದೆ. ಒಂದು ದಿನ ಕೇಳಿದರು, ‘ಎರಡೂ ಕಡೆ ಒಂದೇ ಹಾಳೇಲಿ ಬರುತ್ತಲ್ಲಮ್ಮ, ಹಾಳೆ ಒಂದೇ ಆದ ಮೇಲೆ ಒಂದೇ ಕಡೆ ದುಡ್ಡು ಅಲ್ವಾ?’ ಬಿಡೋಕೆ ಮನಸ್ಸಾಗಲಿಲ್ಲ. ಆ ವಾರ ಬರೆದೆ. ಮುಖ ಪೂರ್ತಿ ಬದಲಾಯಿಸಿದ್ದೆ. ಮೀಸೆ ತೆಗೆದೆ, ಬೋಳು ತಲೆಗೆ ಕೂದಲು ಕೊಟ್ಟೆ. ಕೊಡೆ ಮಾತ್ರ ಮರೆತೆ. ಬಿಸಿಲಿರಲಿ ಮಳೆಯಿರಲಿ ಅವರ ಕಂಕುಳಲ್ಲಿ ಒಂದು ಕೊಡೆ, ಹಿಡಿಗೆ ನೀಲಿ ಟೇಪ್ ಸುತ್ತಿದ್ದು. ಅದು ಹಾಗೇ ಬಂದಿತ್ತು.

ಎರಡು ತಿಂಗಳು ಬೆಂಚಿನ ಆ ತುದಿ ಖಾಲಿ. ಕೊನೆಗೆ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಹೋದೆ. ಅವರು ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ಕೂತರು. ಅವರ ಹೆಂಡತಿ ಕಾಫಿ ತಂದು, ‘ನೀನು ಕಡಿಮೆನೇ ಬರ್ದಿದೀಯಮ್ಮ. ಮನೇಲಿ ಇನ್ನೂ ಇವೆ’ ಅಂದರು. ಪೇಪರ್ ಸ್ವಲ್ಪ ಅಲ್ಲಾಡಿತು. ಮರುವಾರ ಅಂಗಡಿಗೆ ಬಂದರು. ಕೂತು, ಕೊಡೆ ಪಕ್ಕಕ್ಕಿಟ್ಟು, ‘ಕೊಡೆ ಚೆನ್ನಾಗಿ ಬಂದಿದೆ’ ಅಂದರು. ಆ ವಿಷಯ ಅಲ್ಲಿಗೇ ಬಿಟ್ಟೆವು.

ಅವತ್ತಿಂದ ಮೂರು ಜನರನ್ನು ಸೇರಿಸಿ ಒಬ್ಬರನ್ನು ಮಾಡುತ್ತೇನೆ. ಒಬ್ಬರ ಮಾತು, ಇನ್ನೊಬ್ಬರ ಮೈಕಟ್ಟು, ಮತ್ತೊಬ್ಬರ ಚಪ್ಪಲಿ. ಬೆಂಚಿನ ಮೇಲೆ ಬರೀ ತಮಾಷೆ ನಡೆಯಲ್ಲ. ಆಸ್ಪತ್ರೆ ಚೀಟಿ ಜೆರಾಕ್ಸ್ ಮಾಡಿಸೋಕೆ ಬರುತ್ತಾರೆ, ಮರಣ ಪ್ರಮಾಣಪತ್ರಕ್ಕೆ ಬರುತ್ತಾರೆ. ಅವತ್ತು ಕೇಳಿದ ಮಾತು ಎಷ್ಟೇ ನಗು ತರಿಸಲಿ, ಹಾಳೆಗೆ ಬರಲ್ಲ.

ಕೇಸು, ಬೈಗುಳ ಯಾವುದೂ ಬೇಡ ಅಂದರೆ ಬೆಣ್ಣೆ ದೋಸೆ ಮೇಲೆ ಬರೆಯಿರಿ. ನನ್ನ ಕಾಮಿಕ್‌ನಲ್ಲಿ ಒಬ್ಬ ಹೋಟೆಲಲ್ಲಿ ಕೂತು ‘ಬೆಣ್ಣೆ ಕಡಿಮೆ ಹಾಕಿ’ ಅನ್ನುತ್ತಾನೆ. ಸಪ್ಲೈಯರ್ ತಿರುಗಿ ನೋಡುತ್ತಾನೆ. ದೋಸೆ ಹುಯ್ಯುವವನು ಸೌಟು ಹಿಡಿದು ತಿರುಗುತ್ತಾನೆ. ಪಕ್ಕದ ಟೇಬಲ್ಲಿನವರೆಲ್ಲ ತಿರುಗುತ್ತಾರೆ. ಕೊನೆಗೆ ಸಪ್ಲೈಯರ್ ಮೆಲ್ಲಗೆ, ‘ಯಾವೂರು ಸಾರ್ ನಿಮ್ದು?’ ಇದಕ್ಕೆ ಇದುವರೆಗೆ ಯಾರೂ ಬೇಜಾರಾಗಿಲ್ಲ.

ಪ್ರಶ್ನೆ: ದುಡ್ಡು ಬರುತ್ತಾ?
ನಾಲ್ಕು ಜನ ಓದುಗರು, ಬೇರೆ ಬೇರೆ ಊರು

ಇಲ್ಲ. ವರ್ಷಕ್ಕೊಂದು ಸಲ 16 ಪುಟದ ಸಣ್ಣ ಪುಸ್ತಕ ಮಾಡುತ್ತೇನೆ. ನಾಲ್ಕು ಎ4 ಹಾಳೆ, ಎರಡೂ ಕಡೆ ಪ್ರಿಂಟ್, ಮಡಚಿ ನಡುವೆ ಎರಡು ಪಿನ್ನು. ಪುಟದ ಲೆಕ್ಕ ನಾಲ್ಕರಲ್ಲಿ ಭಾಗ ಹೋಗಬೇಕು, ಇಲ್ಲದಿದ್ದರೆ ಕೊನೆಗೆ ಖಾಲಿ ಪುಟ ಉಳಿಯುತ್ತೆ. 30 ರೂಪಾಯಿ. ಹೋದ ವರ್ಷ 110 ಹೋದವು. ಪ್ರಿಂಟ್ ಖರ್ಚು ಕಳೆದು ಉಳಿದದ್ದರಲ್ಲಿ ಬೆಂಚಿನ ಹಲಗೆ ಹಾಕಿಸಿದೆ.

1942ರಲ್ಲಿ ರಾಶಿಯವರು (ಎಂ. ಶಿವರಾಂ) ಕೊರವಂಜಿ ಅನ್ನುವ ನಗೆ ಪತ್ರಿಕೆ ಶುರು ಮಾಡಿದಾಗ ಅವರು ಡಾಕ್ಟರಾಗಿದ್ದರು. ಆರ್.ಕೆ. ಲಕ್ಷ್ಮಣ್ ಮೊದಮೊದಲು ಅದಕ್ಕೆ ಚಿತ್ರ ಬರೆದವರು. ಪತ್ರಿಕೆ 25 ವರ್ಷ ನಡೆಯಿತು. ರಾಶಿಯವರು ಡಾಕ್ಟರಿಕೆ ಬಿಟ್ಟು ನಗಿಸೋಕೆ ಹೊರಟಿರಲಿಲ್ಲ. ನೀವೂ ಕೆಲಸ ಬಿಡಬೇಡಿ. ಬಿಟ್ಟರೆ ಜೋಕು ಎಲ್ಲಿ ಸಿಗುತ್ತೆ?

ಪ್ರಶ್ನೆ: ನನ್ನ ತಮ್ಮನಿಗೆ ಕಣ್ಣು ಕಾಣಲ್ಲ. ಫೋನು ಅವನಿಗೆ ಎಲ್ಲ ಓದಿ ಹೇಳುತ್ತೆ. ನಿಮ್ಮ ‘ಬೆಂಚು’ ಬಂದಾಗ ಮಾತ್ರ ‘ಚಿತ್ರ’ ಅಂತ ಹೇಳಿ ಸುಮ್ಮನಾಗುತ್ತೆ. ನಾನು ಓದಿ ಹೇಳಿದರೆ, ‘ನಿಂಗೆ ಜೋಕ್ ಹೇಳೋಕೆ ಬರಲ್ಲ’ ಅಂತಾನೆ.
ಓದುಗರು, ಜಗಳೂರು

ಈ ಪತ್ರ ಓದಿ ನಾಚಿಕೆ ಆಯ್ತು. ಚಿತ್ರ ಹಾಕುವಾಗ ಅದರ ವಿವರಣೆ ಬರೆಯುವುದಕ್ಕೆ ಜಾಗ ಇರುತ್ತೆ. ಆಲ್ಟ್ ಟೆಕ್ಸ್ಟ್ ಅಂತಾರೆ. ಆರು ವರ್ಷದಿಂದ ಆ ಜಾಗವನ್ನ ಖಾಲಿ ಬಿಟ್ಟಿದ್ದೆ. ಈಗ ಹಳೇದಕ್ಕೆಲ್ಲ ಬರೆಯುತ್ತಾ ಬರುತ್ತಿದ್ದೇನೆ, ಮೂವತ್ತು ಮುಗಿದಿವೆ. ಮಾತು ಬರೆಯುವುದು ಸುಲಭ. ಕಷ್ಟ ಇರೋದು ಮಾತಿಲ್ಲದ ಚೌಕದಲ್ಲಿ. ರೆಸ್ಯೂಮ್ ಹುಡುಗನ ಮೂರನೇ ಚೌಕಕ್ಕೆ ಮೊದಲು ‘ಮಾತಿಲ್ಲ’ ಅಂತ ಬರೆದೆ. ಮಗಳು ಕಣ್ಣು ಮುಚ್ಚಿ ಫೋನಿಂದ ಕೇಳಿಸಿಕೊಂಡು, ‘ಅಮ್ಮಾ, ಇದು ಆಫೀಸ್ ನೋಟಿಸ್ ಥರ ಇದೆ’ ಅಂದಳು. ನಾಲ್ಕು ಸಲ ತಿದ್ದಿ ಈಗ ಹೀಗಿದೆ: ‘ಹುಡುಗ ತಲೆ ಎತ್ತಿ ಫ್ಯಾನ್ ನೋಡುತ್ತಾನೆ. ಫ್ಯಾನ್ ತಿರುಗುತ್ತಿದೆ. ಇನ್ನೂ ತಿರುಗುತ್ತಿದೆ.’

ತಮ್ಮನಿಗೆ ಕೇಳಿಸಿ. ಅವನು ಎಲ್ಲಿ ನಕ್ಕ ಅಂತ ಒಂದು ಸಾಲು ಬರೆಯಿರಿ. ನಗದಿದ್ದರೂ ಬರೆಯಿರಿ, ಫ್ಯಾನ್ ನಿಲ್ಲಿಸಿ ನೋಡುತ್ತೇನೆ.